ಎಲೆಯ ಮೇಲೆ ತಾಮ್ರ ಬೆಳೆಸುವುದು ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಆಗುತ್ತಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಅರಳಿ ಎಲೆಯ ಮೇಲೆ ತಾಮ್ರ ಹತ್ತಿಸಿ ಪೆಂಡೆಂಟ್ ಮಾಡುವ ವಿಡಿಯೋ ನೋಡಿದ್ದೀರಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಒಂದು ಬಾಲ್ಕನಿ ಇದೆ. ಕೆಮಿಸ್ಟ್ರಿ ಪಿಯುಸಿಗೇ ಮುಗಿಯಿತು. ಏನು ಕೊಳ್ಳಬೇಕು, ಎಷ್ಟಾಗುತ್ತೆ, ಆಮೇಲೆ ಅದಕ್ಕೆ ಬೆಳ್ಳಿ ನೀರು ಕೊಡಬಹುದಾ ಅಂತ ಕೇಳಿದ್ದೀರಿ.

ಬಾಲ್ಕನಿಯಲ್ಲಿ ಧಾರಾಳವಾಗಿ ಆಗುತ್ತೆ. ನಾನು ಅಕೌಂಟ್ಸ್ ಕೆಲಸದವನು. ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ, ತಾಮ್ರ ಮಾತ್ರ. ಬೆಳ್ಳಿಯ ವಿಷಯ ಕೊನೆಯಲ್ಲಿ ಹೇಳುತ್ತೇನೆ. ಆ ಉತ್ತರ ನಿಮಗೆ ಅಷ್ಟು ಇಷ್ಟವಾಗಲಿಕ್ಕಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಗಿಲೀಟು ಒಡವೆಯ ಮೇಲೆ ಇರುತ್ತಲ್ಲ, ಅದು ಪ್ಲೇಟಿಂಗ್. ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪದ ಪದರ, ಒಳಗಿನ ಲೋಹಕ್ಕೆ ಅಂಟಿಕೊಂಡಿರಬೇಕು. ನೀವು ನೋಡಿದ ಎಲೆ ಎಲೆಕ್ಟ್ರೋಫಾರ್ಮಿಂಗ್. ಅಲ್ಲಿ ತಾಮ್ರ ನೂರಿನ್ನೂರು ಮೈಕ್ರಾನ್ ಬೆಳೆದು ತಾನೇ ಒಂದು ವಸ್ತುವಾಗುತ್ತೆ. ಒಳಗಿನ ಎಲೆ ಕೊಳೆತರೂ ಆಕಾರ ನಿಂತಿರುತ್ತೆ. ನಮ್ಮಜ್ಜಿ ಪಾತ್ರೆಗೆ ಹಾಕಿಸುತ್ತಿದ್ದ ಕಲಾಯಿ ಇವೆರಡೂ ಅಲ್ಲ, ಅದು ಬಿಸಿ ತವರ ಬಳಿಯುವುದು. ವಿದ್ಯೆ ಹೊಸದೇನಲ್ಲ. 1838ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊರಿಟ್ಜ್ ಯಾಕೋಬಿ ಇದನ್ನು ತೋರಿಸಿದ. ಗ್ರಾಮಫೋನ್ ತಟ್ಟೆ ಒತ್ತುವ ಅಚ್ಚುಗಳನ್ನೂ ಹೀಗೇ ಬೆಳೆಸುತ್ತಾರೆ, ತಾಮ್ರದ ಬದಲು ನಿಕ್ಕಲ್‌ನಲ್ಲಿ.

ದ್ರಾವಣದಿಂದ ಶುರು ಮಾಡುತ್ತೇನೆ. ಅದರ ಮುಖ್ಯ ಸಾಮಾನು ನಿಮ್ಮ ಊರಿನ ಕಡೆ ಅಡಿಕೆ ತೋಟ ಇದ್ದರೆ ಆಗಲೇ ಪರಿಚಯ: ಮೈಲುತುತ್ತ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಸುಣ್ಣದ ಜೊತೆ ಸೇರಿಸಿ ಬೋರ್ಡೋ ಹೊಡೆಯುತ್ತಾರಲ್ಲ, ಅದೇ ನೀಲಿ ಹರಳು, ಕಾಪರ್ ಸಲ್ಫೇಟ್. ನನಗೆ ಮೊದಲ ಒಂದು ಕೆಜಿ ತೀರ್ಥಹಳ್ಳಿಯಿಂದ ಅಪ್ಪನ ಬ್ಯಾಗಿನಲ್ಲೇ ಬಂತು. ಇಲ್ಲಿ ಗೊಬ್ಬರದ ಅಂಗಡಿಯಲ್ಲೂ ಸಿಗುತ್ತೆ. ತೋಟದ ದರ್ಜೆಯದರಲ್ಲಿ ಸ್ವಲ್ಪ ಕಸ ಇರುತ್ತೆ, ಸೋಸಿಕೊಂಡರೆ ಕಲಿಯೋದಕ್ಕೆ ಸಾಕು.

ಎರಡು ಲೀಟರ್ ದ್ರಾವಣಕ್ಕೆ 400 ಗ್ರಾಂ ಮೈಲುತುತ್ತ, ಸುಮಾರು 230 ಮಿಲಿ ಬ್ಯಾಟರಿ ಆಸಿಡ್, ಉಳಿದದ್ದು ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ನಡೆಯುತ್ತೆ. ಬೋರ್‌ವೆಲ್ ನೀರು ಬೇಡವೇ ಬೇಡ. ಮೊದಲು ಒಂದೂವರೆ ಲೀಟರ್ ಬೆಚ್ಚಗಿನ ನೀರಿನಲ್ಲಿ ಹರಳು ಕರಗಿಸಿ, ಸೋಸಿ, ಪೂರ್ತಿ ಆರಲು ಬಿಡಿ. ಆಮೇಲೆ ಆಸಿಡ್ಡನ್ನು ನಿಧಾನವಾಗಿ ಸುರಿಯಿರಿ. ಯಾವಾಗಲೂ ನೀರಿಗೆ ಆಸಿಡ್, ಆಸಿಡ್ಡಿಗೆ ನೀರು ಅಲ್ಲ. ಕೊನೆಗೆ ನೀರು ಹಾಕಿ ಎರಡು ಲೀಟರ್ ಮಾಡಿ. ಕನ್ನಡಕ, ಕೈಗವಸು ಹಾಕಿಕೊಳ್ಳಿ, ಪಕ್ಕದಲ್ಲಿ ಅಡುಗೆ ಸೋಡಾ ಇಟ್ಟುಕೊಳ್ಳಿ. ಆಸಿಡ್ ಕೊಳ್ಳುವಾಗ ಅಂಗಡಿಯವರು ಗುರುತಿನ ಚೀಟಿ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. 2013ರ ಸುಪ್ರೀಂ ಕೋರ್ಟ್ ಆದೇಶದ ನಂತರ ಯಾರು, ಎಲ್ಲಿಯವರು, ಯಾಕೆ ಎಂದು ಬರೆದಿಟ್ಟುಕೊಂಡೇ ಆಸಿಡ್ ಮಾರಬೇಕು.

ಪಾತ್ರೆಗೆ ನಾನು ಹಿಡಿದದ್ದು ಉಪ್ಪಿನಕಾಯಿಯ ದೊಡ್ಡ ಗಾಜಿನ ಜಾಡಿ. ಹೊರಗಿಂದ ಎಲ್ಲ ಕಾಣುತ್ತೆ. ಒಂದು ಸಲ ಇದಕ್ಕೆ ಬಂದ ಪಾತ್ರೆ, ಸೌಟು, ಅಳತೆಯ ಲೋಟ ಯಾವುದೂ ಮತ್ತೆ ಅಡುಗೆಮನೆಗೆ ಹೋಗಬಾರದು. ಅಮ್ಮನಿಗೆ ಜಾಡಿ ವಾಪಸ್ ಬರಲ್ಲ ಅಂತ ಗೊತ್ತಾಗೋದಕ್ಕೆ ಎರಡು ತಿಂಗಳು ಬೇಕಾಯಿತು. ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ: ಈ ದ್ರಾವಣಕ್ಕೆ ಬೇಕಾದ್ದು 20ರಿಂದ 30 ಡಿಗ್ರಿ ಬಿಸಿ. ಹೀಟರ್ ಗೋಜು ಇಲ್ಲ.

ಕರೆಂಟಿನ ಮೈನಸ್ ಕಡೆಗೆ ಎಲೆ, ಪ್ಲಸ್ ಕಡೆಗೆ ಶುದ್ಧ ತಾಮ್ರದ ಪಟ್ಟಿ. ಅರ್ಥಿಂಗ್‌ಗೆ ಬಳಸುವ ತಾಮ್ರದ ಪಟ್ಟಿ ಒಳ್ಳೆಯದು. ಗುಜರಿಯ ದಪ್ಪ ತಂತಿಯೂ ಆಗುತ್ತೆ, ಆದರೆ ಮೋಟಾರ್ ವೈಂಡಿಂಗ್ ತಂತಿಯ ಮೇಲೆ ಎನಾಮಲ್ ಇರುತ್ತೆ, ಪೂರ್ತಿ ಉಜ್ಜಿ ತೆಗೆಯಬೇಕು. ಹಿತ್ತಾಳೆ, ಸ್ಟೀಲ್ ಹಾಕಬೇಡಿ. ಎಲೆಯ ಎರಡೂ ಬದಿಗೆ ಒಂದೊಂದು ಪಟ್ಟಿ ಇಳಿಬಿಡಿ, ಇಲ್ಲದಿದ್ದರೆ ಒಂದೇ ಮಗ್ಗುಲು ದಪ್ಪವಾಗುತ್ತೆ.

ಕರೆಂಟಿಗೆ ಮೊಬೈಲ್ ಚಾರ್ಜರ್ ಸಾಕು ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಸಾಕಾಗಲ್ಲ. ಅದು 5 ವೋಲ್ಟ್ ಬಿಡುತ್ತೆ, ನಮಗೆ ಬೇಕಾದ್ದು ಸಾಮಾನ್ಯವಾಗಿ ಒಂದು ವೋಲ್ಟಿನ ಆಸುಪಾಸು. ಅದಕ್ಕಿಂತ ಮುಖ್ಯ, ಆಂಪಿಯರ್ ನಮ್ಮ ಹಿಡಿತದಲ್ಲಿರಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ, ಕರೆಂಟ್ ಹಾಗೂ ವೋಲ್ಟೇಜ್ ಎರಡನ್ನೂ ತಿರುಗಿಸಿ ಹೊಂದಿಸುವ ಡಿಸಿ ಪವರ್ ಸಪ್ಲೈ ಕೇಳಿ. ಮೊಬೈಲ್ ರಿಪೇರಿಯವರ ಮೇಜಿನ ಮೇಲೆ ಇರುತ್ತಲ್ಲ, ಅದೇ. ಅದನ್ನು ಜಾಡಿಯಿಂದ ದೂರ ಇಡಿ, ಆಸಿಡ್ ಹನಿ ಬಿದ್ದರೆ ತುಕ್ಕು ಹಿಡಿಯುತ್ತೆ.

ಈಗ ನಾನು ಹಾಳು ಮಾಡಿದ ಮೊದಲ ಎಲೆಯ ಕಥೆ. ಪುಟ್ಟ ಅರಳಿ ಎಲೆ, ಎರಡೂ ಬದಿ ಸೇರಿ ಸುಮಾರು 25 ಚದರ ಸೆಂಟಿಮೀಟರ್. ಬೇಗ ಆಗಲಿ ಅಂತ 2 ಆಂಪಿಯರ್ ಕೊಟ್ಟೆ. ಅರ್ಧ ಗಂಟೆಯಲ್ಲಿ ಅಂಚೆಲ್ಲ ಕಡು ಕಂದು, ರಾಗಿ ಹಿಟ್ಟು ಅಂಟಿಸಿದ ಹಾಗೆ. ಬೆರಳಲ್ಲಿ ಒರೆಸಿದರೆ ಉದುರಿತು. ಎಲೆಯ ತುದಿಯಲ್ಲಂತೂ ಹೂಕೋಸಿನ ಹಾಗೆ ಗಂಟುಗಂಟು. ಮಧ್ಯದಲ್ಲಿ ಏನೂ ಇಲ್ಲ. ಕರೆಂಟ್ ಯಾವಾಗಲೂ ಅಂಚಿಗೆ, ಚೂಪಿಗೆ ಮೊದಲು ಓಡುತ್ತೆ. ಅಲ್ಲಿ ದ್ರಾವಣದ ತಾಮ್ರ ಬಂದು ತುಂಬುವುದಕ್ಕಿಂತ ಬೇಗ ಎಳೆದುಕೊಂಡರೆ ಲೋಹ ಗಟ್ಟಿಯಾಗಿ ಕೂರುವುದಿಲ್ಲ, ಪುಡಿಯಾಗುತ್ತೆ.

ಲೆಕ್ಕ ಸುಲಭ, ಇದೊಂದನ್ನು ಬರೆದಿಟ್ಟುಕೊಳ್ಳಿ. ಒಂದು ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್. ಅಂದರೆ ನನ್ನ ಎಲೆಗೆ ಬೇಕಿದ್ದದ್ದು 0.25 ಆಂಪಿಯರ್, ನಾನು ಕೊಟ್ಟದ್ದು ಅದರ ಎಂಟರಷ್ಟು. ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.19 ಗ್ರಾಂ ತಾಮ್ರ ಕೂರುತ್ತೆ, ಅದಕ್ಕಿಂತ ಜಾಸ್ತಿ ಕೂರಿಸಲು ಯಾರಿಂದಲೂ ಆಗಲ್ಲ. ಈ ವೇಗದಲ್ಲಿ ಗಂಟೆಗೆ ಸುಮಾರು 13 ಮೈಕ್ರಾನ್ ಬೆಳೆಯುತ್ತೆ. ಹತ್ತು ಗಂಟೆಗೆ 130 ಮೈಕ್ರಾನ್, ತೂಕ ಮೂರು ಗ್ರಾಂ ಹತ್ತಿರ. ನಾನು ಈಗಲೂ ಕೆಲಸದ ಮೊದಲು ಮತ್ತು ಕೊನೆಗೆ ತೂಗುತ್ತೇನೆ. ಲೆಕ್ಕ ತಾಳೆಯಾದರೆ ಅಕೌಂಟ್ಸ್ ಮನುಷ್ಯನಿಗೆ ಅದೊಂಥರಾ ಖುಷಿ.

ಎರಡನೇ ಎಲೆಗೆ ಆಂಪಿಯರ್ ಸರಿಯಿತ್ತು, ಆದರೂ ಹಾಳಾಯಿತು. ಅದರಿಂದ ಕಲಿತದ್ದೇ ಜಾಸ್ತಿ. ಎಲೆ ವಿದ್ಯುತ್ ಹರಿಸುವುದಿಲ್ಲ, ಹಾಗಾಗಿ ಮೇಲೆ ಗ್ರಾಫೈಟ್ ಬಳಿಯಬೇಕು. ನಾನು ಹಸಿ ಎಲೆಗೇ ಬಳಿದುಬಿಟ್ಟೆ. ಒಳಗಿನ ತೇವ ಹೊರಗೆ, ಹೊರಗಿನ ಆಸಿಡ್ ಒಳಗೆ. ವಾರದ ಮೇಲೆ ತಾಮ್ರದ ಸಣ್ಣ ತೂತುಗಳಿಂದ ಹಸಿರು ನೀರು ಜಿನುಗಿ ಬಂತು.

ಈಗ ಮಾಡುವುದು ಹೀಗೆ. ಎಲೆಯನ್ನು ಹಳೆಯ ಪುಸ್ತಕದ ನಡುವೆ ವಾರ, ಹತ್ತು ದಿನ ಒಣಗಿಸುತ್ತೇನೆ. ನೀರಿನಲ್ಲಿ ಕೊಳೆಸಿ ನಾರು ಮಾತ್ರ ಉಳಿಸಿಕೊಂಡ ಅರಳಿ ಎಲೆ ಇದ್ದರೆ ಇನ್ನೂ ಚೆಂದ. ಆಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಕೋಟು, ತೊಟ್ಟಿನ ತುದಿ ಮರೆಯದೆ. ನೇತುಹಾಕುವ ತಾಮ್ರದ ತಂತಿಯನ್ನು ಇದೇ ಹಂತದಲ್ಲಿ ಅಂಟಿಸಬೇಕು. ಅದು ಒಣಗಿದ ಮೇಲೆ ನುಣ್ಣನೆಯ ಗ್ರಾಫೈಟ್ ಪುಡಿಯನ್ನು ಅದೇ ನೇಲ್ ಪಾಲಿಶ್ ಹಾಗೂ ಸ್ವಲ್ಪ ಥಿನ್ನರ್ ಜೊತೆ ಕಲಸಿ ತೆಳ್ಳಗೆ ಬಳಿಯುತ್ತೇನೆ. ಪುಡಿ ಧಾರಾಳವಾಗಿರಲಿ, ಅಂಟು ಜಾಸ್ತಿಯಾದರೆ ಕರೆಂಟ್ ಹರಿಯಲ್ಲ. ಪೆನ್ಸಿಲ್ ಕಡ್ಡಿ ಅರೆದು ಹಾಕಬೇಡಿ, ಅದರಲ್ಲಿ ಜೇಡಿಮಣ್ಣು ಇರುತ್ತೆ. ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಉಜ್ಜಿದರೆ ಒಲೆಯ ಮಸಿಗೆ ಹೊಳಪು ಬಂದ ಹಾಗೆ ಕಾಣುತ್ತೆ. ಮಲ್ಟಿಮೀಟರ್ ಹಿಡಿದು ನೋಡಿ. ತಂತಿಯಿಂದ ಎಲೆಯ ತುದಿಗೆ ಒಂದು ಕಿಲೋಓಮ್‌ಗಿಂತ ಕಡಿಮೆ ಬಂದರೆ ಇಳಿಸಬಹುದು. ಇಲ್ಲದಿದ್ದರೆ ಇನ್ನೊಂದು ಕೋಟು.

ಇಳಿಸಿದ ಕೂಡಲೇ ಪೂರ್ತಿ ಕರೆಂಟ್ ಕೊಡಬೇಡಿ. 0.05 ಆಂಪಿಯರ್‌ನಲ್ಲಿ ಶುರು. ತಂತಿಯ ಹತ್ತಿರ ಗುಲಾಬಿ ಬಣ್ಣ ಮೂಡಿ, ಮೆಲ್ಲಗೆ ಎಲೆಯ ಮೇಲೆ ಹರಡುತ್ತೆ. ಒಂದೆರಡು ಗಂಟೆ ಹಿಡಿಯಬಹುದು. ಇದನ್ನು ನೋಡುತ್ತಾ ಕೂತು ನಾನು ಎಷ್ಟೋ ಕಾಫಿ ಆರಿಸಿಕೊಂಡಿದ್ದೇನೆ. ಕರಿ ಬಣ್ಣ ಪೂರ್ತಿ ಮುಚ್ಚಿದ ಮೇಲೆ 0.25ಕ್ಕೆ ಏರಿಸಿ. ಮೀನಿನ ತೊಟ್ಟಿಯ ಏರ್ ಪಂಪ್ ಒಂದನ್ನು ಮೆಲ್ಲಗೆ ಓಡಿಸಿದರೆ ದ್ರಾವಣ ಆಡುತ್ತಿರುತ್ತೆ, ಮೈ ಸಮನಾಗಿ ಬರುತ್ತೆ. ರಾತ್ರಿ ಬಿಟ್ಟು ಮಲಗಬೇಡಿ. ಒಂದು ಸಲ ನಡುರಾತ್ರಿ ಕರೆಂಟ್ ಹೋಗಿ ಬಂದಿದೆ, ನನ್ನ ಸಪ್ಲೈ ತಾನಾಗಿ ಮತ್ತೆ ಶುರುವಾಗಲಿಲ್ಲ. ಬೆಳಗ್ಗೆ ನೋಡಿದರೆ ಹೊಸದಾಗಿ ಕೂತಿದ್ದ ತೆಳು ತಾಮ್ರವನ್ನು ಆಸಿಡ್ ಅಲ್ಲಲ್ಲಿ ತಿಂದಿತ್ತು. ಭಾನುವಾರ ಬೆಳಗ್ಗೆ ಶುರು ಮಾಡಿ, ಸಂಜೆ ದೀಪ ಹಚ್ಚೋ ಹೊತ್ತಿಗೆ ತೆಗೆಯಿರಿ.

ಹೊರಬಂದ ಎಲೆ ಮಂಕು ಗುಲಾಬಿ ಬಣ್ಣದಲ್ಲಿರುತ್ತೆ. ಚೆನ್ನಾಗಿ ತೊಳೆದು, ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ. ಹಳೆಯ ಕಾಲದ ಕಳೆ ಬೇಕಿದ್ದರೆ ಬೇಯಿಸಿದ ಮೊಟ್ಟೆಯ ಹಳದಿ ಪುಡಿ ಮಾಡಿ, ಎಲೆಯ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಟ್ಟುಬಿಡಿ. ಅದರ ಗಂಧಕಕ್ಕೆ ತಾಮ್ರ ಕಂದಾಗುತ್ತೆ. ಮನೆಯಲ್ಲಿ ಮೊಟ್ಟೆ ತರದವರು ಬಾಲ್ಕನಿಯಲ್ಲೇ ಮುಗಿಸಿ, ವಾಸನೆ ಸುಮ್ನೆ ಇರಲ್ಲ.

ಕೆಲವು ವಿಷಯಕ್ಕೆ ಕೈ ಹಾಕಬೇಡಿ. ಕಬ್ಬಿಣದ ಕೀಲಿ, ಮೊಳೆಗಳನ್ನು ನೇರ ಈ ದ್ರಾವಣಕ್ಕೆ ಹಾಕಿದರೆ ಕ್ಷಣದಲ್ಲಿ ತಾಮ್ರದ ಬಣ್ಣ ಬರುತ್ತೆ, ಒರೆಸಿದರೆ ಹೋಗುತ್ತೆ. ಹತ್ತನೇ ಕ್ಲಾಸಿನ ಮೊಳೆ ಪ್ರಯೋಗ ನೆನಪಿದೆ ಅಲ್ವಾ, ಅದೇ ಇದು, ಪ್ಲೇಟಿಂಗ್ ಅಲ್ಲ. ಉಪ್ಪುನೀರಿಗೆ ಸ್ಟೀಲ್ ಚಮಚ ಇಳಿಬಿಟ್ಟು ಕರೆಂಟ್ ಕೊಡುವ ವಿಡಿಯೋಗಳಿವೆ. ಉಪ್ಪಿನಿಂದ ಕ್ಲೋರಿನ್ ಬರುತ್ತೆ, ಸ್ಟೀಲಿನಿಂದ ಕ್ಯಾನ್ಸರ್ ತರುವ ಜಾತಿಯ ಕ್ರೋಮಿಯಂ ಬರಬಹುದು. ಕ್ರೋಮ್ ಪ್ಲೇಟಿಂಗ್ ಅಂತೂ ಮನೆಯ ಮಾತೇ ಅಲ್ಲ.

ದ್ರಾವಣ ಚೆಲ್ಲುವ ಪ್ರಸಂಗವೇ ಬರಬಾರದು. ಪ್ಲಸ್ ಕಡೆಯ ತಾಮ್ರ ಕರಗಿ ತುಂಬಿಕೊಳ್ಳುತ್ತಿರುತ್ತೆ, ಹಾಗಾಗಿ ವರ್ಷಗಟ್ಟಲೆ ಬಾಳುತ್ತೆ. ಮೊದಲ ಸಲ ತೊಳೆದ ನೀರನ್ನು ಎತ್ತಿಟ್ಟು, ಆವಿಯಾಗಿ ಕಡಿಮೆಯಾದಾಗ ಜಾಡಿಗೇ ಹಾಕಿ. ಉಳಿದದ್ದಕ್ಕೆ ವಾಷಿಂಗ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿದರೆ ನೊರೆ ಬಂದು, ತಾಮ್ರ ಹಸಿರು ನೀಲಿ ಗಸಿಯಾಗಿ ತಳಕ್ಕೆ ಕೂರುತ್ತೆ. ಅದನ್ನು ಸೋಸಿ, ಒಣಗಿಸಿ, ಡಬ್ಬಿಯಲ್ಲಿ ತುಂಬಿಡಿ, ಮನೆ ಕಸದ ಜೊತೆ ಕೊಡಬೇಡಿ. ನಾಲ್ಕು ವರ್ಷಕ್ಕೆ ನನ್ನದು ಒಂದು ಹಾರ್ಲಿಕ್ಸ್ ಬಾಟಲಿಯೂ ತುಂಬಿಲ್ಲ. ಇಷ್ಟು ಯಾಕೆ ಅಂದರೆ, ನಮ್ಮ ಕಡೆಯ ಮೋರಿ ಸೇರುವುದು ವೃಷಭಾವತಿಗೆ, ಅದು ಹೋಗುವುದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ. ಆ ನೀರಿನಲ್ಲಿ ರೈತರು ಬೆಳೆ ತೆಗೆಯುತ್ತಾರೆ. ತಾಮ್ರ ಸ್ವಲ್ಪವಿದ್ದರೂ ಮೀನಿಗೆ ವಿಷ.

ಖರ್ಚು: ನನಗೆ ಪವರ್ ಸಪ್ಲೈಗೆ ನಾಲ್ಕು ಸಾವಿರ, ಉಳಿದದ್ದಕ್ಕೆಲ್ಲ ಎರಡು ಸಾವಿರದ ಒಳಗೆ ಆಯಿತು.

ಇನ್ನು ಬೆಳ್ಳಿ. ಅಂಗಡಿಯವರು ಬೆಳ್ಳಿ, ಚಿನ್ನದ ನೀರು ಕೊಡಲು ಬಳಸುವುದು ಹೆಚ್ಚಾಗಿ ಸೈನೈಡ್ ದ್ರಾವಣ. ಅದಕ್ಕೆ ತಪ್ಪಿ ಆಸಿಡ್ ಬಿದ್ದರೆ ಬರುವ ಅನಿಲ ಜೀವ ತೆಗೆಯುತ್ತೆ. ಆಸಿಡ್ ಜಾಡಿ ಇರುವ ಬಾಲ್ಕನಿಯಲ್ಲಿ ಅದನ್ನು ಇಡುವ ಯೋಚನೆಯೇ ಬೇಡ. ನಾನು ಎಲೆಯನ್ನು ನಗರ್ತಪೇಟೆಗೆ ಒಯ್ಯುತ್ತೇನೆ. ಅಲ್ಲಿನ ಗಲ್ಲಿಗಳಲ್ಲಿ ಒಡವೆಗೆ ಪಾಲಿಶ್, ಪ್ಲೇಟಿಂಗ್ ಮಾಡುವವರಿದ್ದಾರೆ. ಮೊದಲ ಸಲ ಹೋದಾಗ ಅಲ್ಲಿನ ಹಿರಿಯರೊಬ್ಬರು ಎಲೆಯನ್ನು ನೀರಿಗೆ ಅದ್ದಿ ಎತ್ತಿ ಹಿಡಿದರು. ಒಂದು ಮೂಲೆಯಲ್ಲಿ ನೀರು ಹರಡದೆ ಹನಿಹನಿಯಾಗಿ ನಿಂತಿತು. "ಇಲ್ಲಿ ನಿಮ್ಮ ಬೆರಳಿನ ಜಿಡ್ಡು ಇದೆ ಸಾರ್, ಬೆಳ್ಳಿ ಹಿಡಿಯಲ್ಲ," ಅಂದರು. ತಾವೇ ತೊಳೆದುಕೊಂಡರು, ಅದಕ್ಕೆ ಬೇರೆ ಇಪ್ಪತ್ತು ರೂಪಾಯಿ ತೆಗೆದುಕೊಂಡರು. ನೀವು ಒಯ್ಯುವುದಾದರೆ ಸೋಪಿನಲ್ಲಿ ತೊಳೆದು, ಅಂಚು ಹಿಡಿದು ಒಣಗಿಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಲ್ಯಾಕರ್ ಮಾತ್ರ ಬಳಿಯಬೇಡಿ, ಬಳಿದರೆ ಬೆಳ್ಳಿ ಹತ್ತುವುದೇ ಇಲ್ಲ.