ಗಣರಾಜ್ಯವೋ ಒಬ್ಬನ ಆಳ್ವಿಕೆಯೋ: ನನ್ನ ಪ್ರತಿಕ್ರಿಯೆ

ಪ್ರಾಚೀನ ಕಾಲದ ಬಡವರಿಗೆ ಗಣರಾಜ್ಯ ವಾಸಿಯಿತ್ತೋ, ಸರ್ವಾಧಿಕಾರಿಯೋ ಅಂತ ಕೇಳಿದ್ದೀರಿ. ಬರೀ ಹೆಸರು ನೋಡಿ ಮೋಸ ಹೋಗ್ಬೇಡಿ ಮಾರಾಯ್ರೆ. ರೋಮ್ ಗಣರಾಜ್ಯವೇ, ಆದ್ರೆ ಕ್ರಿ.ಪೂ. 133ರಲ್ಲಿ ಸರ್ಕಾರಿ ಜಮೀನು ಬಡವರಿಗೆ ಹಂಚಲು ಹೊರಟ ಜನಪ್ರತಿನಿಧಿ ಟೈಬೀರಿಯಸ್ ಗ್ರಾಕಸ್‌ನನ್ನ ಹಿರಿಯರ ಸಭೆಯ ಸಿರಿವಂತ ಸೆನೆಟರುಗಳೂ ಅವರ ಕಡೆಯವರೂ ಸೇರಿ ಬಡಿದು ಕೊಂದ್ರು.

ಅಥೆನ್ಸಿನ ಪೈಸಿಸ್ಟ್ರಾಟಸ್ ಬಲವಂತವಾಗಿ ಗದ್ದುಗೆ ಹಿಡಿದವ. ಆದ್ರೂ ಬಡ ರೈತರಿಗೆ ಸಾಲ ಕೊಟ್ಟ. ಹೈಮೆಟಸ್ ಗುಡ್ಡದಲ್ಲಿ ಬರೀ ಕಲ್ಲು ಅಗೀತಿದ್ದ ಒಬ್ಬನನ್ನ ಕಂಡು, ಇಲ್ಲಿ ಏನು ಬೆಳೆಯತ್ತೆ ಅಂತ ಆಳಿನ ಕೈಲಿ ಕೇಳಿಸಿದನಂತೆ. "ಮೈಕೈ ನೋವು. ಅದ್ರಲ್ಲೂ ಹತ್ತರಲ್ಲೊಂದು ಪಾಲು ಪೈಸಿಸ್ಟ್ರಾಟಸ್‌ಗೆ ಹೋಗ್ಬೇಕು" ಅಂದ, ಕೇಳಿಸ್ತಿರೋದು ಯಾರಂತ ಗೊತ್ತಿಲ್ದೆ. ಅವನ ಕಂದಾಯ ಪೂರ್ತಿ ಮಾಫಿಯಾಯ್ತು!

ನಮ್ಮ ಸಾಗರದ ಕಡೆ ಇದನ್ನ ಹೇಳಿದ್ರೆ ತೋಟದವರು ತಕ್ಷಣ ಕೆಳದಿಯ ಶಿವಪ್ಪ ನಾಯಕನ 'ಶಿಸ್ತು', ಅಂದ್ರೆ ಅವನ ಕಂದಾಯ ಪದ್ಧತಿಯ ಮಾತು ಎತ್ತುತ್ತಾರೆ. ಅದು 17ನೇ ಶತಮಾನ, ಪ್ರಾಚೀನ ಅಲ್ಲ; ಆದ್ರೆ ನೆಲದ ಗುಣ, ಫಸಲು ನೋಡಿ ಕಂದಾಯ ಕಟ್ಟಿದ ದೊರೆಯನ್ನ ಇಲ್ಲಿನವರು ಮರೆತಿಲ್ಲ.

ಒಬ್ಬನ ಆಳ್ವಿಕೆಯ ತೊಂದರೆ ಇರೋದು ಅವನ ನಂತರ ಬರೋ ಮಕ್ಕಳಲ್ಲಿ. ಪೈಸಿಸ್ಟ್ರಾಟಸ್‌ನ ಮಗ ಹಿಪ್ಪಿಯಸ್, ತಮ್ಮನ ಕೊಲೆಯಾದ ಮೇಲೆ ಕ್ರೂರಿಯಾದ, ಕ್ರಿ.ಪೂ. 510ರಲ್ಲಿ ಅವನನ್ನ ಓಡಿಸೋಕೆ ಸ್ಪಾರ್ಟಾದ ಸೈನ್ಯವೇ ಬರಬೇಕಾಯ್ತು. ಹಾಗಾಗಿ ನನ್ನ ಓಟು ಗಣರಾಜ್ಯಕ್ಕೇ, ಸ್ವಲ್ಪ ಗೊಣಗ್ತಾ. ಅಥೆನ್ಸಿನ ಲಾರಿಯಂ ಬೆಳ್ಳಿ ಗಣಿಯ ಗುಲಾಮರನ್ನ ಕೇಳಿದ್ರೆ ಮಾತ್ರ ಬೇರೆಯೇ ಉತ್ತರ ಸಿಗ್ತಿತ್ತೇನೋ.