ಖಾತ್ರಿ ಇಲ್ದಿದ್ರೂ ಫೋನ್ ಮಾಡಬಹುದಾ?

ಪ್ರಶ್ನೆ: ಮೇಡಂ ನಮಸ್ತೆ, ಹಾಸನದ ಹತ್ರ ಒಂದು ಊರಲ್ಲಿ ಮನೇಲೇ ಟ್ಯೂಷನ್ ಮಾಡ್ತೀನಿ. ಮೂರನೇ ಕ್ಲಾಸ್ ಹುಡುಗ ಒಬ್ಬ ಇಂಥ ಬಿಸಿಲಲ್ಲೂ ತುಂಬುತೋಳಿನ ಅಂಗಿ ಹಾಕ್ಕೊಂಡೇ ಬರ್ತಾನೆ. ಮೊನ್ನೆ ಕೈ ತೊಳೆಯೋಕೆ ತೋಳು ಮಡಚಿದಾಗ ನೋಡಿದೆ, ಮೊಣಕೈ ಮೇಲೆ ಒಳಭಾಗದಲ್ಲಿ ಬರೆ ಹಾಕಿದಂಗೆ ಎರಡು ಗುರುತು, ಒಂದು ಹಳೇದು, ಒಂದು ಇನ್ನೂ ಹಸಿ. ಕೇಳಿದ್ರೆ ‘ಬೈಕ್ ಸೈಲೆನ್ಸರ್ ತಾಗ್ತು’ ಅಂದ, ಮಾರನೇ ದಿನ ‘ಟೀ ಚೆಲ್ತು’ ಅಂದ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ, ಮನೇಲಿರೋದು ಚಿಕ್ಕಪ್ಪ. ಟ್ಯೂಷನ್ ಮುಗಿದ್ರೂ ಎದ್ದೇಳಲ್ಲ, ಬ್ಯಾಗಿಗೆ ಪುಸ್ತಕ ತುಂಬೋದು, ತೆಗಿಯೋದು ಮಾಡ್ತಾ ಇರ್ತಾನೆ. ನಮ್ಮನೆಯವ್ರು ‘ಊರ ಉಸಾಬರಿ ನಮಗ್ಯಾಕೆ, ಸುಳ್ಳಾದ್ರೆ ನಮ್ಮ ಮೇಲೇ ಕೇಸ್ ಬೀಳುತ್ತೆ’ ಅಂತಾರೆ. ಏನು ಮಾಡ್ಲಿ?

ಉತ್ತರ: ಇವತ್ತೇ 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ ಅದು, ದುಡ್ಡಿಲ್ಲ, ರಾತ್ರಿ ಎಷ್ಟೊತ್ತಾದ್ರೂ ಎತ್ತುತ್ತಾರೆ. ಮಿಕ್ಕಿದ್ದು ಆಮೇಲೆ ಓದಿ.

ನೀವು ನೋಡಿದ್ದು ಸಣ್ಣ ವಿಷಯ ಅಲ್ಲ. ಸೈಲೆನ್ಸರ್ ಸುಡೋದು ಸಾಮಾನ್ಯವಾಗಿ ಮೀನಖಂಡಕ್ಕೆ, ತೋಳಿಗಲ್ಲ. ಟೀ ಚೆಲ್ಲಿದ್ರೆ ಕಲೆ ಹರಡಿಕೊಂಡು ಕೆಳಗಿಳಿಯುತ್ತೆ, ಸೌಟು ಕಾಯಿಸಿ ಇಟ್ಟ ಬರೆ ಆದ್ರೆ ಅಂಚು ಎದ್ದು ಕಾಣುತ್ತೆ. ಆಡೋ ಮಕ್ಕಳು ಬೀಳ್ತಾರೆ ನಿಜ, ಆದ್ರೆ ಬಿದ್ದಾಗ ಏಟಾಗೋದು ಮಂಡಿಗೆ, ಮೊಣಕೈ ಮೂಳೆಗೆ, ಹಣೆಗೆ. ತೋಳಿನ ಒಳಭಾಗ, ಬೆನ್ನು, ತೊಡೆ, ಕಿವಿ ಹಿಂದೆ ಗುರುತಿದ್ರೆ ಅನುಮಾನ ಪಡಲೇಬೇಕು. ಗಾಯ ಹಳೇದೂ ಹೊಸದೂ ಒಟ್ಟಿಗೆ ಇದೆ, ಮಗು ಹೇಳೋ ಕಾರಣ ದಿನಕ್ಕೊಂದು, ಮನೆಗೆ ಹೋಗೋಕೆ ಕಾಲೇ ಏಳ್ತಿಲ್ಲ, ಇವೆಲ್ಲ ಕೂಡಿದ ಮೇಲೆ ಇನ್ನೇನು ಕಾಯ್ಬೇಕು ಹೇಳಿ. ಆ ಬ್ಯಾಗಿನ ವಿಷಯ ಓದಿ ನನಗೆ ಹೊಟ್ಟೆ ಕಿವುಚಿದಂಗಾಯ್ತು.

ಖಾತ್ರಿ ಮಾಡ್ಕೊಳ್ಳೋದು ನಿಮ್ಮ ಕೆಲಸ ಅಲ್ಲ, ಅದಕ್ಕೆ ಬೇರೆಯವರಿದಾರೆ. ನೀವು ಕಂಡದ್ದನ್ನ ಕಂಡ ಹಾಗೆ ಹೇಳಿ, ‘ಚಿಕ್ಕಪ್ಪನೇ ಸುಟ್ಟಿದಾನೆ’ ಅಂತ ನೀವಾಗಿ ತೀರ್ಮಾನ ಮಾಡ್ಬೇಡಿ, ಹೆಸರು ಗುಟ್ಟಾಗಿಡಿ ಅಂತಾನೂ ಕೇಳ್ಕೊಳ್ಳಿ. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವ್ರು ವಿಚಾರಿಸ್ತಾರೆ, ಬೇಕಾದ್ರೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹೋಗುತ್ತೆ. ತಕ್ಷಣ ಮಗು ಎತ್ಕೊಂಡು ಹೋಗಿ ಹಾಸ್ಟೆಲ್‌ಗೆ ಹಾಕ್ತಾರೆ ಅಂತ ತುಂಬಾ ಜನ ಹೆದರ್ತಾರೆ, ಆದ್ರೆ ಬಾಲನ್ಯಾಯ ಕಾಯ್ದೆ ಪ್ರಕಾರ ಸಂಸ್ಥೆಗೆ ಸೇರಿಸೋದು ಕೊನೇ ದಾರಿ. ಮಗನಿಗೆ ಹೀಗಾಗ್ತಿರೋದು ಆ ತಾಯಿಗೆ ಗೊತ್ತೇ ಇಲ್ದೆ ಇರಬಹುದು. ‘ನಮ್ಮ ಮಗು, ನಾವು ಹೊಡೀತೀವಿ’ ಅನ್ನೋ ಮಾತೂ ನಡೆಯಲ್ಲ, 2015ರ ಆ ಕಾಯ್ದೆಯ 75ನೇ ಸೆಕ್ಷನ್‌ನಲ್ಲಿ ಮಗು ಯಾರ ಸುಪರ್ದಿಯಲ್ಲಿದೆಯೋ ಅವರೇ ಹಿಂಸೆ ಕೊಟ್ರೆ 3 ವರ್ಷದವರೆಗೂ ಜೈಲಿದೆ.

ಚಿಕ್ಕಪ್ಪನ್ನ ನೀವೇ ಕರೆದು ಕೇಳೋಕೆ ಮಾತ್ರ ಹೋಗ್ಬೇಡಿ, ನಾಳೆಯಿಂದ ಹುಡುಗನ್ನ ಟ್ಯೂಷನ್ ಬಿಡಿಸ್ತಾರೆ, ಅವನಿಗಿರೋ ಒಂದು ಬಾಗಿಲೂ ಮುಚ್ಚಿಹೋಗುತ್ತೆ. ಹುಡುಗನ್ನ ಪದೇ ಪದೇ ಕೆದಕೋದೂ ಬೇಡ. ಅವನಾಗೇ ಬಾಯಿಬಿಟ್ರೆ ಸುಮ್ನೆ ಕೇಳಿಸ್ಕೊಳ್ಳಿ, ‘ಹೇಳಿದ್ದು ಒಳ್ಳೇದಾಯ್ತು ಮರಿ, ನಿನ್ನ ತಪ್ಪೇನಿಲ್ಲ’ ಅನ್ನಿ, ‘ಯಾರಿಗೂ ಹೇಳಲ್ಲ’ ಅಂತ ಆಣೆ ಮಾಡ್ಬೇಡಿ, ಯಾಕಂದ್ರೆ ನೀವು ಹೇಳಲೇಬೇಕು. ಅವನು ಹೋದ್ಮೇಲೆ ಅವನು ಆಡಿದ ಮಾತನ್ನೇ ತಾರೀಖು ಸಮೇತ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ವಾಟ್ಸಾಪ್ ಗ್ರೂಪಿಗೆ ಒಂದಕ್ಷರವೂ ಹಾಕ್ಬೇಡಿ. ಯಾವತ್ತಾದ್ರೂ ಪಕ್ಕದ ಮನೆಯಿಂದ ಕಿರುಚಾಟ ಕೇಳಿ ಈಗಲೇ ಜೀವಕ್ಕೆ ಅಪಾಯ ಅನ್ನಿಸಿದ್ರೆ ನೇರ 112.

ಪ್ರಶ್ನೆ: ನಮ್ಮ ಮಗಳು 5ನೇ ಕ್ಲಾಸು. ಸ್ಕೂಲಿನ ಸರ್ ಒಬ್ರು ‘ಮುಟ್ಟಬಾರದ ಕಡೆ ಮುಟ್ತಾರೆ’ ಅಂತ ಅವಳಮ್ಮನ ಹತ್ರ ಅತ್ತಿದಾಳೆ. ಹೆಡ್‌ಮಿಸ್ ‘ಪೊಲೀಸ್ ಬೇಡ, ನಿಮ್ಮ ಮಗಳ ಹೆಸರೇ ಹಾಳಾಗೋದು, ನಾವೇ ಒಳಗೊಳಗೆ ಸರಿಮಾಡ್ತೀವಿ’ ಅಂತಿದಾರೆ.

ಉತ್ತರ: ಅವರಿಗೆ ಹಾಗೆ ಮಾಡೋ ಹಕ್ಕಿಲ್ಲ ಸರ್. ಲೈಂಗಿಕ ದೌರ್ಜನ್ಯ ಅಂದ್ರೆ 2012ರ ಪೋಕ್ಸೋ ಕಾಯ್ದೆ ಬರುತ್ತೆ, ಅದರಲ್ಲಿ ಗೊತ್ತಾದವ್ರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ರೆ 6 ತಿಂಗಳವರೆಗೆ ಜೈಲು, ತನ್ನ ಕೈಕೆಳಗಿನವನ ವಿಷಯ ಮುಚ್ಚಿಟ್ಟ ಸಂಸ್ಥೆ ಮುಖ್ಯಸ್ಥರಿಗೆ 1 ವರ್ಷದವರೆಗೆ. ಒಳ್ಳೆ ಉದ್ದೇಶದಿಂದ ಹೇಳಿದವರ ಮೇಲೆ ಕೇಸ್ ಹಾಕೋ ಹಾಗಿಲ್ಲ. ಮಗಳ ಹೆಸರು, ಫೋಟೋ, ಸ್ಕೂಲು, ವಿಳಾಸ ಯಾವುದನ್ನೂ ಪತ್ರಿಕೆ, ಟಿವಿಯವ್ರು ಹೊರಗೆ ಹಾಕಂಗಿಲ್ಲ.

ಅವಳನ್ನ ಸ್ಟೇಷನ್‌ನಲ್ಲಿ ಕೂರಿಸಬೇಕಾಗುತ್ತೆ ಅಂತ ಹೆದರಬೇಡಿ. ಹೇಳಿಕೆ ಮನೇಲೇ ತಗೋಬಹುದು, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಬರಬೇಕು, ಯೂನಿಫಾರ್ಮ್ ಹಾಕಿರಬಾರದು, ಅವಳಮ್ಮ ಪಕ್ಕದಲ್ಲೇ ಕೂತಿರಬಹುದು. ಮೆಡಿಕಲ್ ಟೆಸ್ಟ್ ಬೇಕಾದ್ರೆ ಲೇಡಿ ಡಾಕ್ಟರೇ ಮಾಡ್ಬೇಕು. ದೂರು ಕೊಟ್ಟ ಮೇಲೆ ಎಫ್‌ಐಆರ್ ಕಾಪಿ ಕೇಳಿ ಇಸ್ಕೊಳ್ಳಿ, ಅದಕ್ಕೆ ದುಡ್ಡು ಕೊಡೋ ಹಾಗಿಲ್ಲ.