ಪೊಲೀಸರಿಗೆ ಯೂನಿಯನ್ ಕಟ್ಟುವುದನ್ನೇ ಕೆಲಸ ಮಾಡಿಕೊಳ್ಳಬಹುದಾ?

ಅಮೆರಿಕದಲ್ಲಿ ಪೊಲೀಸರ ಯೂನಿಯನ್ ಕಟ್ಟುವುದೇ ಸಂಬಳದ ಕೆಲಸವಂತೆ, ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಮೈಸೂರಿನಲ್ಲೇ ಅದನ್ನು ಮಾಡಬಹುದಾ ಅಂತ ಕೇಳಿದ್ದೀರಿ. ಆಗುವುದಿಲ್ಲ ಕಣ್ರೀ. ಕಷ್ಟ ಅಂತಲ್ಲ, ಕಾನೂನೇ ಬಿಡುವುದಿಲ್ಲ.

ನಾನು ಮೈಸೂರು, ನಂಜನಗೂಡು ಕಡೆ ಕಾರ್ಖಾನೆ ಯೂನಿಯನ್ ಕೆಲಸ ಮಾಡುವವನು, ಅಪ್ಪ ಮಂಡ್ಯದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ದಸರಾ ಬಂದೋಬಸ್ತಿಗೆ ಹಾಕಿದರೆ ಬೆಳಗ್ಗೆಯೇ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತವರು ಜಂಬೂ ಸವಾರಿ ಬನ್ನಿಮಂಟಪ ಸೇರುವವರೆಗೂ ಕದಲುವ ಹಾಗಿರಲಿಲ್ಲ. ವ್ಯಾನಿನಲ್ಲಿ ಬರುವ ಚಿತ್ರಾನ್ನದ ಪೊಟ್ಟಣ ಎಷ್ಟೋ ಸಲ ಹಳಸಿರುತ್ತಿತ್ತು. ನನ್ನ ಕಾರ್ಖಾನೆಯವರಿಗೆ ಹೀಗಾಗಿದ್ದರೆ ಮಾರನೇ ದಿನ ಗೇಟಿನಲ್ಲಿ ಕೂತಿರುತ್ತಿದ್ದರು. ಅಪ್ಪ ಕೂರುವ ಹಾಗಿರಲಿಲ್ಲ.

ಸಂವಿಧಾನದ 33ನೇ ವಿಧಿ ಪೊಲೀಸರ ಹಕ್ಕುಗಳಿಗೆ ಕಡಿವಾಣ ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅದರಂತೆ 1966ರಲ್ಲಿ ಬಂದ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಪೊಲೀಸರು ಯಾವ ಯೂನಿಯನ್ನೂ ಸೇರುವಂತಿಲ್ಲ, ಸೇರಿದರೆ 2 ವರ್ಷದವರೆಗೆ ಜೈಲು. ಹೊರಗಿನವರು ಸೇಫ್ ಅಂದುಕೊಳ್ಳಬೇಡಿ. ಪೊಲೀಸರನ್ನು ಕರ್ತವ್ಯದ ವಿರುದ್ಧ ಎತ್ತಿಕಟ್ಟುವವರಿಗೆ ಅಂತಲೇ ಬ್ರಿಟಿಷರು 1922ರಲ್ಲಿ ಒಂದು ಕಾಯ್ದೆ ಮಾಡಿದ್ದಾರೆ. ನಮ್ಮಲ್ಲೇ 2016ರ ಜೂನ್ 4ಕ್ಕೆ ಪೊಲೀಸರ ಸಾಮೂಹಿಕ ರಜೆಗೆ ಕರೆ ಕೊಟ್ಟಿದ್ದರಲ್ವಾ, ಆ ದಿನ ಬರುವ ಮೊದಲೇ ಮುಖಂಡರನ್ನು ರಾಜದ್ರೋಹದ ಕೇಸಿನಲ್ಲಿ ಒಳಗೆ ಹಾಕಿದರು. ಆದರೆ ಕೂಗು ಪೂರ್ತಿ ವ್ಯರ್ಥವಾಗಲಿಲ್ಲ ಅನ್ನಿ, ಪೊಲೀಸರ ಸಂಬಳದ ಬಗ್ಗೆ ವರದಿ ಕೊಡಲು ಔರಾದ್ಕರ್ ಸಮಿತಿ ಆಯಿತು, 2019ರಲ್ಲಿ ಸಂಬಳ ಸ್ವಲ್ಪ ಏರಿತು. ಕೇರಳದಲ್ಲಿ ಸರ್ಕಾರ ಒಪ್ಪಿದ ಪೊಲೀಸ್ ಅಸೋಸಿಯೇಷನ್ ಇದೆ, ಆದರೆ ಅದನ್ನು ನಡೆಸುವವರು ಪೊಲೀಸರೇ, ನಿಮಗಲ್ಲಿ ಕುರ್ಚಿ ಇಲ್ಲ.

ಅಮೆರಿಕದಲ್ಲೂ ಎಲ್ಲ ರಾಜ್ಯದಲ್ಲೂ ಒಂದೇ ಕಾನೂನಿಲ್ಲ. 1919ರಲ್ಲಿ ಬಾಸ್ಟನ್ ಪೊಲೀಸರು ಮುಷ್ಕರ ಹೂಡಿದಾಗ ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಇನ್ನು ಅಲ್ಲಿನ ಪೊಲೀಸ್ ಯೂನಿಯನ್‌ಗಳು ತಪ್ಪು ಮಾಡಿದವರನ್ನೂ ಕಾಪಾಡುತ್ತವೆ ಅನ್ನುವ ದೂರು ಸುಳ್ಳಲ್ಲ ಅಂತ ನನಗೂ ಅನ್ನಿಸುತ್ತದೆ.

ಖಾಕಿಯವರ ಪರವೇ ಕೆಲಸ ಮಾಡಬೇಕು ಅಂದರೆ ಎಲ್‌ಎಲ್‌ಬಿ ಮಾಡಿ. ಇಲಾಖಾ ವಿಚಾರಣೆ, ಬಡ್ತಿ, ಅಮಾನತು ಇವುಗಳ ತಕರಾರೆಲ್ಲ ಕೆಎಟಿಗೆ, ಅಂದರೆ ಸರ್ಕಾರಿ ನೌಕರರ ಕೇಸು ನೋಡುವ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಗುತ್ತವೆ. ಯೂನಿಯನ್ನೇ ಕಟ್ಟಬೇಕು ಅನ್ನುವುದಾದರೆ ಹೆಬ್ಬಾಳ, ಕೂರ್ಗಳ್ಳಿ ಕಾರ್ಖಾನೆಗಳ ಗೇಟಿನಲ್ಲಿ ನಿಂತಿರುವ ಸೆಕ್ಯುರಿಟಿಯವರನ್ನು ನೋಡಿ. ಅವರೂ ಯೂನಿಫಾರ್ಮಿನವರೇ, ಆದರೆ ಖಾಸಗಿ ನೌಕರರು, ಆ 1966ರ ಕಾಯ್ದೆ ಅವರಿಗಿಲ್ಲ. ಮೊದಲ ದಿನವೇ ಭಾಷಣ ಶುರು ಮಾಡಬೇಡಿ, ಸಂಬಳದ ಚೀಟಿ ಕೇಳಿ. ನಾನು ನೋಡಿದ ಒಂದರಲ್ಲಿ ಬೂಟಿಗೆ, ಬೆಲ್ಟಿಗೆ ಅಂತ ತಿಂಗಳು ತಿಂಗಳು ದುಡ್ಡು ಹಿಡಿದಿದ್ದರು, ರಿಜಿಸ್ಟರಿನಲ್ಲಿ 8 ಗಂಟೆ, ನಿಂತಿದ್ದು 12. ಪಿಎಫ್ ಕಟ್ಟಿದ್ದಾರಾ ಅಂತ ಅವರ ಮೊಬೈಲಿನಲ್ಲೇ ತೆಗೆದು ತೋರಿಸಿ, ಮುಂದಿನ ವಾರ ಅವರೇ ನಾಲ್ಕು ಜನರನ್ನು ಕರೆತರುತ್ತಾರೆ. ಯೂನಿಯನ್ ನೋಂದಣಿ ಅರ್ಜಿಗೆ ಕನಿಷ್ಠ 7 ಜನರ ಸಹಿ ಬೇಕು.

ಸಂಬಳದ ವಿಷಯ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಇಲ್ಲಿ ಸದಸ್ಯರು ಕೊಡುವ ಚಂದಾ ಹಣದಲ್ಲೇ ನಮ್ಮ ಜೀವನ. ಮೊದಮೊದಲು ಬೈಕಿನ ಪೆಟ್ರೋಲಿಗೆ ಸಾಕಾದರೆ ಹೆಚ್ಚು, ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇದ್ದರೆ ಮಾತ್ರ ಇಳಿಯಿರಿ.